ಫೈನಲ್ ಹಿಂದಿನ ಸಂಜೆಯ ಪಾಯಸ

ಮಗಳಿಗೆ ಮಾತ್ರೆ ಕೊಡಬೇಡ ಎಂದು ಹೇಳಿದ್ದೆ. ನೆಗಡಿಯಾದರೂ ಕೊಡಬೇಡ, ತಲೆ ಸಿಡಿದರೂ ಕೊಡಬೇಡ, ಆ ನಿನ್ನ ಲೇಹ್ಯದ ಡಬ್ಬಿಯನ್ನಂತೂ ಸೂಟ್‌ಕೇಸಿನ ಹತ್ತಿರಕ್ಕೂ ತರಬೇಡ ಎಂದು ನಮ್ಮ ಅತ್ತಿಗೆ ಚಂದ್ರಮತಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಅವಳು ಅತ್ತಿಗೆಯಾಗುವ ಮೊದಲು ನನ್ನ ಕ್ಲಾಸ್‌ಮೇಟು, ಹಾಗಾಗಿ ಬಹುವಚನದ ಗೋಜು ನಮ್ಮಲ್ಲಿಲ್ಲ. ಅವಳೂ ಮಹಾ ವಿಧೇಯಳು. ತನ್ನ ಮಂಡಿನೋವಿನ ಮುಲಾಮನ್ನು ಕೂಡ ಮನೆಯಲ್ಲೇ ಬಿಟ್ಟು ವಿಮಾನ ಹತ್ತಿದಳು. ಆದರೆ ಗಸಗಸೆ ಔಷಧಿಯಲ್ಲವಲ್ಲ! ಅದು ಅಡುಗೆಮನೆಯ ಸಾಮಾನು. ಅದನ್ನೂ ಬೆಲ್ಲವನ್ನೂ ಕೊಬ್ಬರಿಯನ್ನೂ ಪೊಟ್ಟಣ ಕಟ್ಟಿಕೊಂಡು ಪರದೇಶಕ್ಕೆ ಹೋಗಿದ್ದಾಳೆಂದು ನನಗೆ ತಿಳಿದದ್ದು ಏಷ್ಯನ್ ಕ್ರೀಡಾಕೂಟದ ಫೈನಲ್ ದಿನ ಬೆಳಿಗ್ಗೆ, ಅವಳು ಕಳಿಸಿದ ವಾಯ್ಸ್ ಮೆಸೇಜಿನಿಂದ.

“ನಿನ್ನೆ ಸಂಜೆ ಗಸಗಸೆ ಪಾಯಸ ಮಾಡ್ಬಿಟ್ಟೆ ಕಣೇ ಪ್ರಭಾ,” ಎಂದಿತ್ತು ಅವಳ ದನಿ. “ಹುಡುಗಿ ನಿದ್ದೆ ಮಾಡಿ ಮೂರು ದಿನ ಆಗಿತ್ತು. ನಾನಿಳಿದಿರೋ ರೂಮಲ್ಲಿ ಒಂದು ಪುಟ್ಟ ಒಲೆ ಇದೆ, ಕೋಚನ್ನ ಕೇಳಿ ಕರಕೊಂಡ್ ಬಂದೆ. ಮಾತ್ರೆ ಗೀತ್ರೆ ಏನೂ ಇಲ್ಲಮ್ಮ, ನೀನು ಬೈತೀಯ.”

ಕಾಫಿ ಲೋಟ ಕೆಳಗಿಟ್ಟು ಆ ಮೆಸೇಜನ್ನು ಇನ್ನೊಮ್ಮೆ ಕೇಳಿದೆ.

ನಾನು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮೇಡಂ. ಮುಂದಿನ ವರ್ಷ ನಿವೃತ್ತಿ. ಹಿಂದೊಮ್ಮೆ ವಿಶ್ವವಿದ್ಯಾಲಯದ ತಂಡವನ್ನು ಶಿಬಿರಕ್ಕೆ ಕರೆದುಕೊಂಡು ಹೋಗಿದ್ದಾಗ ಉದ್ದೀಪನ ಮದ್ದಿನ ಬಗ್ಗೆ ಒಬ್ಬ ಡಾಕ್ಟರು ಭಾಷಣ ಮಾಡಿದ್ದರು. ಗಸಗಸೆ ಎಂದರೆ ಅಫೀಮಿನ ಗಿಡದ ಬೀಜ, ಎರಡು ಚಮಚ ತಿಂದರೂ ಮರುದಿನದ ಮೂತ್ರದಲ್ಲಿ ಮಾರ್ಫಿನ್ ಸಿಕ್ಕಿಬಿಡಬಹುದು, ಯಂತ್ರಕ್ಕೆ ಪಾಯಸವೂ ಗೊತ್ತಿಲ್ಲ ಹಬ್ಬವೂ ಗೊತ್ತಿಲ್ಲ, ಮೈಸೂರು ಕಡೆಯವರು ಸ್ವಲ್ಪ ಜೋಪಾನವಾಗಿರಿ ಎಂದು ಅವರು ನನ್ನ ಕಡೆ ತಿರುಗಿ ಹೇಳಿದ್ದರು. ಹಾಲ್ ತುಂಬ ನಗು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅಷ್ಟು ನಕ್ಕವಳಿಗೆ ಲೇಹ್ಯ, ಮಾತ್ರೆ, ಮುಲಾಮು ಎಲ್ಲ ನೆನಪಿಗೆ ಬಂತು, ಪಾಯಸ ಮಾತ್ರ ಬರಲಿಲ್ಲ ನೋಡಿ.

ಚಂದ್ರಮತಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮಗಳು ಮೈತ್ರೇಯಿಯ ಆಟದ ದಿನ ಅವಳು ಫೋನನ್ನು ಬ್ಯಾಗಿನೊಳಗೆ ಹುಗಿದು ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತ ಕೂತಿರುತ್ತಾಳೆ. ಕೋಚ್ ನಂಬರು ನನ್ನ ಹತ್ತಿರ ಇತ್ತು. ಅದರ ಮೇಲೆ ಬೆರಳಿಟ್ಟು ಸುಮ್ಮನೆ ನಿಂತೆ. ಹೇಳಿದರೆ ಮೈತ್ರೇಯಿಯನ್ನು ಕೂರಿಸುತ್ತಾರೆ. ಬಿಲ್ಲುಗಾರಿಕೆಯ ತಂಡವೆಂದರೆ ಮೂರೇ ಜನ. ಒಬ್ಬಳು ಕೂತರೆ ತಂಡವೇ ಕೂತ ಹಾಗೆ. ಹೇಳದೆ ಇದ್ದರೆ? ಚಿನ್ನ ಗೆದ್ದ ತಂಡದಿಂದ ಒಬ್ಬಳನ್ನಾದರೂ ಚೀಟಿ ಎತ್ತಿ ಪರೀಕ್ಷೆಗೆ ಕರೆಯುತ್ತಾರೆ, ಅದರಲ್ಲಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಎರಡನೆಯವರನ್ನು ಕರೆದರೂ ಕರೆದಾರು, ಬಿಟ್ಟರೂ ಬಿಟ್ಟಾರು. ಆ ಬಿಟ್ಟಾರು ಎನ್ನುವುದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಫೋನ್ ಕೆಳಗಿಟ್ಟೆ. ಅವತ್ತು ಬೆಳಿಗ್ಗೆಯಿಂದ ನಾನು ದೇವರನ್ನು ಕೇಳಿಕೊಂಡದ್ದು ಒಂದೇ, ನಮ್ಮ ಹುಡುಗಿಯರು ಸೋಲಲಿ.

ಮಧ್ಯಾಹ್ನದ ಹೊತ್ತಿಗೆ ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಮದುವೆ ಮನೆಯ ಗದ್ದಲ. ಅಣ್ಣ ದೊರೆಸ್ವಾಮಿ ಬೀದಿಗೆಲ್ಲ ಹೇಳಿಬಂದಿದ್ದ. ಎದುರುಮನೆಯ ಗಿರಿಜಾಂಬಾ ಒಂದು ಡಬ್ಬಿ ರವೆ ಉಂಡೆ ತಂದು, ಗೆದ್ದ ಮೇಲೇ ಮುಚ್ಚಳ ತೆಗೆಯಬೇಕು ಎಂದು ಟಿವಿಯ ಪಕ್ಕದಲ್ಲಿಟ್ಟರು. ನಾನು ಅಣ್ಣನನ್ನು ಅಡುಗೆಮನೆಗೆ ಕರೆದು ಎಲ್ಲವನ್ನೂ ಹೇಳಿದೆ. ಅವನು ಮೊದಲು ನಕ್ಕ. ಪಾಯಸ ಕುಡಿದು ಕೆಟ್ಟವರನ್ನು ಇದುವರೆಗೆ ಕಂಡಿಲ್ಲ ಎಂದ. ನಾನು ನಗಲಿಲ್ಲ. ಅವನ ಮುಖ ನಿಧಾನವಾಗಿ ಬಿಗಿಯಿತು.

“ಹತ್ತು ವರ್ಷ ಹರಕೆ ಹೊತ್ತು ಪಡೆದ ಮಗು ಅದು,” ಎಂದ. “ಈ ಮಾತು ಈ ಅಡುಗೆಮನೆ ದಾಟಕೂಡದು. ಒಳ್ಳೆ ದಿನ, ಅಪಶಕುನ ನುಡೀಬೇಡ.”

“ನಾನು ನುಡಿಯದೆ ಇದ್ರೆ ಆಗೋದು ತಪ್ಪುತ್ತಾ ಅಣ್ಣ?”

ಅವನು ನಲ್ಲಿ ತಿರುಗಿಸಿ ಕೈ ತೊಳೆದುಕೊಂಡ. ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದ. ಆಮೇಲೆ ಮುಖಕ್ಕೆ ನಗು ತಂದುಕೊಂಡು ಟಿವಿಯಿದ್ದ ಹಾಲ್‌ಗೆ ಹೋದ.

ಆಗಲೇ ಚಾಮಯ್ಯ ಬಂದ. ಸಿಟಿ ಬಸ್ ಡ್ರೈವರು, ನಜರ್‌ಬಾದಿನವನು. ತಂಡದ ಇನ್ನೊಬ್ಬ ಹುಡುಗಿ ಧರಣಿಯ ಅಪ್ಪ. ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಧರಣಿ ಐದು ವರ್ಷದವಳಿದ್ದಾಗ ಅವಳ ತಾಯಿ ತೀರಿಹೋಗಿದ್ದಳು. ಬೆಳಗಿನ ಪಾಳಿಯ ಬಸ್ಸಿಗೆ ಹೋಗುವ ಮೊದಲು ಮಗಳ ಜಡೆ ಹೆಣೆದು ಹೋಗುತ್ತಿದ್ದ ಮನುಷ್ಯ ಇವನು. ಬಿಲ್ಲು ಹಿಡಿಯುವುದನ್ನು ಅವಳಿಗೂ ಮೈತ್ರೇಯಿಗೂ ಒಟ್ಟಿಗೇ ಕಲಿಸಿದ್ದು ನಾನು, ನಮ್ಮ ಕಾಲೇಜಿನ ಮೈದಾನದಲ್ಲಿ. ಇಬ್ಬರೂ ನನಗೆ ಎರಡು ಕಣ್ಣು ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ಈ ಪದಕ ಬಂದರೆ ಧರಣಿಗೆ ಪೊಲೀಸ್ ಇಲಾಖೆಯಲ್ಲಿ ಕೆಲಸ ಖಾಯಂ ಎಂದು ಚಾಮಯ್ಯನಿಗೆ ಯಾರೋ ಹೇಳಿದ್ದರು. ಅವನು ಸೋಫಾದ ಅಂಚಿನಲ್ಲಿ ಮುಳ್ಳಿನ ಮೇಲೆ ಕೂತ ಹಾಗೆ ಕೂತ. ಒರಗಿ ಕೂತುಕೊಳ್ಳಿ ಎಂದು ಎಷ್ಟು ಹೇಳಿದರೂ ಒರಗಲಿಲ್ಲ.

ಪರದೆಯ ಮೇಲೆ ಮೂವರೂ ಬಂದರು. ಮುಂದೆ ಮೈತ್ರೇಯಿ, ನಡುವೆ ಜಾರ್ಖಂಡಿನ ಹುಡುಗಿ, ಕೊನೆಯಲ್ಲಿ ಧರಣಿ. ಎದುರಿಗೆ ಕೊರಿಯಾದವರು. ಸದ್ಯ, ಎಂದುಕೊಂಡೆ, ಅವರೆದುರು ಗೆಲ್ಲುವುದು ಹುಡುಗಾಟದ ಮಾತೇ? ಆದರೆ ಮೈತ್ರೇಯಿ ಬಿಟ್ಟ ಮೊದಲ ಬಾಣವೇ ನಡುವಿನ ಹಳದಿಗೆ ಹೋಗಿ ಕಚ್ಚಿಕೊಂಡಿತು. ಹತ್ತು! ಹಾಲ್ ಎದ್ದು ಕುಣಿಯಿತು. ನನಗೆ ಬಾಗಿಲು ಮುಚ್ಚಿದ ಸದ್ದು ಕೇಳಿದ ಹಾಗಾಯಿತು.

ಮೊದಲ ಸೆಟ್ ನಮ್ಮದಾಯಿತು. ಎರಡನೆಯದು ಅವರದು. ಆಗ ನಾನು ಜೀವ ಬಂದವಳ ಹಾಗೆ ನೆಟ್ಟಗೆ ಕೂತೆ. ಮೂರನೆಯದು ಸಮಸಮ. ಹುಡುಗಿಯ ಮುಖವನ್ನೇ ನೋಡುತ್ತಿದ್ದೆ. ಅಷ್ಟು ಶಾಂತ ಮುಖವನ್ನು ನಾನು ಯಾವ ಪಂದ್ಯದಲ್ಲೂ ಕಂಡಿರಲಿಲ್ಲ. ಕೈ ನಡುಗುತ್ತಿಲ್ಲ, ತುಟಿ ಕಚ್ಚುತ್ತಿಲ್ಲ. ಇನ್ನೊಂದು ದಿನವಾಗಿದ್ದರೆ ಅದನ್ನು ನೋಡಿ ಕಣ್ಣಲ್ಲಿ ನೀರು ಬರುತ್ತಿತ್ತು. ಇವತ್ತು ಅದು ಪಾಯಸದ ಗುಣವೇ ಇರಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ನಾಲ್ಕು ವರ್ಷ ನಿಷೇಧ ಎಂದರೆ ಒಬ್ಬ ಆಟಗಾರ್ತಿಯ ಆಯುಷ್ಯ. ಪೇಪರಿನವರು ಪಾಯಸ ಎಂದು ಬರೆಯುತ್ತಾರೆಯೇ? ಅಫೀಮು ಎಂದು ಬರೆಯುತ್ತಾರೆ, ಪಕ್ಕದಲ್ಲಿ ಫೋಟೋ ಹಾಕುತ್ತಾರೆ.

ಗಿರಿಜಾಂಬಾ ನನ್ನ ಭುಜ ತಟ್ಟಿ, ಏನ್ರೀ ಮೇಡಂ, ಗರ ಬಡಿದವರ ಹಾಗೆ ಕೂತಿದ್ದೀರಲ್ಲ, ಚಪ್ಪಾಳೆ ಹೊಡೀರಿ ಎಂದರು. ಹೊಡೆದೆ. ಅಣ್ಣನೂ ಹೊಡೆಯುತ್ತಿದ್ದ. ಅವನು ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ.

ಕೊನೆಯ ಸೆಟ್. ಕೊರಿಯಾದ ಹುಡುಗಿಯ ಒಂದು ಬಾಣ ಗಾಳಿಗೆ ಸಿಕ್ಕು ಎಂಟಕ್ಕೆ ಜಾರಿತು. ನಮ್ಮವರ ಕೊನೆಯ ಬಾಣ ಧರಣಿಯದು. ಒಂಬತ್ತು ಬಂದರೆ ಚಿನ್ನ. ಚಾಮಯ್ಯ ಎದ್ದು ನಿಂತು ಎರಡೂ ಕೈ ಜೋಡಿಸಿದ. ನಾನು ಕಣ್ಣು ಮುಚ್ಚಿ, ತಪ್ಪಿಹೋಗಲಿ ಚಾಮುಂಡಿ, ಈ ಒಂದು ಬಾಣ ತಪ್ಪಿಹೋಗಲಿ ಎಂದು ಬೇಡಿಕೊಂಡೆ. ಮಗಳು ಗೆಲ್ಲಲಿ ಎನ್ನುವ ಅಪ್ಪನ ಪಕ್ಕದಲ್ಲೇ ಕೂತು ಹಾಗೆ ಬೇಡಿಕೊಂಡೆ. ಮನೆ ಹಾರಿಹೋಗುವ ಹಾಗೆ ಕೂಗು ಎದ್ದಿತು. ಕಣ್ಣು ತೆರೆದರೆ ಹತ್ತು.

ಯಾರೋ ಪಟಾಕಿ ಹಚ್ಚಲು ಹೊರಗೆ ಓಡಿದರು. ಗಿರಿಜಾಂಬಾ ಡಬ್ಬಿಯ ಮುಚ್ಚಳ ತೆಗೆದರು. ಚಾಮಯ್ಯ ಅಳುತ್ತಿದ್ದ, ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದ. ನಾನು ಟಿವಿಯ ಹತ್ತಿರಕ್ಕೆ ಹೋಗಿ ನಿಂತೆ. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಗಿರಗಿರ ಸುತ್ತುತ್ತಿದ್ದರು. ಅವರ ಹಿಂದಿನಿಂದ ಕೊರಳಿಗೆ ಗುರುತಿನ ಕಾರ್ಡಿನ ಪಟ್ಟಿ ಹಾಕಿಕೊಂಡ ಒಬ್ಬ ಹೆಂಗಸು ನಿಧಾನವಾಗಿ ನಡೆದು ಬರುತ್ತಿದ್ದಳು. ಕೈಯಲ್ಲಿ ಒಂದು ಹಲಗೆ, ಅದಕ್ಕೆ ಸಿಕ್ಕಿಸಿದ ಕಾಗದ. ನಗುವೂ ಇಲ್ಲ, ಅವಸರವೂ ಇಲ್ಲ. ಅವಳು ಯಾರೆಂದು ನನಗೆ ಗೊತ್ತಿತ್ತು. ಅಣ್ಣ ನನ್ನ ಪಕ್ಕಕ್ಕೆ ಬಂದು ನಿಂತದ್ದು ಅವನ ಉಸಿರಿನ ಸದ್ದಿನಿಂದ ತಿಳಿಯಿತು.

ಆ ಹೆಂಗಸು ಮೈತ್ರೇಯಿಯ ಹತ್ತಿರ ಬಂದಳು. ಅವಳನ್ನು ದಾಟಿ ಮುಂದೆ ಹೋದಳು. ಧರಣಿಯ ಭುಜ ಮುಟ್ಟಿ ಕಾಗದ ತೋರಿಸಿದಳು. ಧರಣಿ ನಗುತ್ತಲೇ ರುಜು ಹಾಕಿದಳು.

ಅಬ್ಬಾ! ಸುಳ್ಳು ಯಾಕೆ ಹೇಳಲಿ, ನನ್ನ ಮೈಯೆಲ್ಲ ಹಗುರವಾಗಿ ನೆಲದ ಮೇಲೆ ಕೂತುಬಿಡೋಣ ಅನ್ನಿಸಿತು. ಚೀಟಿ ಬೇರೆ ಕಡೆ ಎದ್ದಿತ್ತು. ಅಣ್ಣ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು ಒಂದು ಇಡೀ ಉಂಡೆಯನ್ನು ಬಾಯಿಗೆ ತುರುಕಿಕೊಂಡ. ಆ ಹೆಂಗಸು ಯಾರು, ತನ್ನ ಮಗಳ ಬೆನ್ನಿಗೇ ಯಾಕೆ ನಿಂತಿದ್ದಾಳೆ ಎಂದು ಚಾಮಯ್ಯ ಕೇಳಿದ. ನನಗೆ ಆಗ ಎಲ್ಲಿಲ್ಲದ ಮಾತು ಬಂದಿತ್ತು.

“ಗೆದ್ದವರನ್ನ ಪರೀಕ್ಷೆ ಮಾಡ್ತಾರೆ ಚಾಮಯ್ಯ, ಮದ್ದು ಗಿದ್ದು ತಿಂದು ಗೆದ್ದರೇನೋ ಅಂತ. ಅದು ಸುಮ್ಮನೆ ಶಾಸ್ತ್ರ. ನಿಮ್ಮ ಮಗಳಿಗೆ ಯಾವ ಭಯ ಹೇಳಿ?”

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಚಂದ್ರಮತಿ. ನಗು, ಅಳು, ಕೇಕೆ ಎಲ್ಲ ಒಂದರೊಳಗೊಂದು. ಅಲ್ಲಿನ ಗದ್ದಲಕ್ಕೆ ಮಾತು ಕೇಳಿಸಲಿಲ್ಲ, ಸ್ಪೀಕರಿಗೆ ಹಾಕಿದೆ. ಚಾಮಯ್ಯನವರು ಬಂದಿದ್ದಾರಾ, ಅವರಿಗೆ ಕೊಡು ಎಂದಳು. ಅವನು ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡ.

“ನಿಮ್ಮ ಮಗಳು ಚಿನ್ನ ಕಣ್ರೀ ಚಾಮಯ್ಯನೋರೆ,” ಎಂದಳು. “ನಿನ್ನೆ ಸಂಜೆ ಪಾಯಸ ಮಾಡಿದ್ದೆ. ಮಗಳನ್ನ ಒಬ್ಬಳನ್ನೇ ಕೂರಿಸಿ ಹಾಕೋಕಾಗುತ್ತಾ? ಪಂಕ್ತಿಭೇದ ಮಾಡಬಾರದು ಅಂತ ಮೂವರನ್ನೂ ಕರೆದೆ. ನಮ್ಮವಳು ಹೊಟ್ಟೆ ತೊಳಸುತ್ತೆ ಅಂತ ಒಂದು ತೊಟ್ಟೂ ಮುಟ್ಟಲಿಲ್ಲ. ಅವಳ ಲೋಟಾನೂ ಧರಣಿಗೇ ಕೊಟ್ಟೆ. ಪಾಪ, ಇನ್ನೂ ಇದೆಯಾ ಅಮ್ಮ ಅಂತ ಕೇಳಿ ಕುಡಿದಳು ಮಗು.”

ಅಣ್ಣನ ದವಡೆ ಅಲ್ಲಾಡುವುದು ನಿಂತಿತು. ಬೆಳಿಗ್ಗೆ ಕೋಚ್ ನಂಬರಿನ ಮೇಲೆ ಬೆರಳಿಟ್ಟು ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಒಬ್ಬಳೇ ಹುಡುಗಿ, ನಮ್ಮ ಹುಡುಗಿ. ಆಗಲೇ ಬಾಯಿ ಬಿಟ್ಟಿದ್ದರೆ ಧರಣಿ ಬಿಲ್ಲನ್ನೇ ಎತ್ತುತ್ತಿರಲಿಲ್ಲ. ಪದಕ ಹೋಗುತ್ತಿತ್ತು, ಮರ್ಯಾದೆ ಉಳಿಯುತ್ತಿತ್ತು.

“ತಾಯಿಲ್ದ ಕೂಸು ಕಣವ್ವ,” ಎಂದ ಚಾಮಯ್ಯ ಫೋನಿಗೆ ತಲೆ ಬಾಗಿಸಿ. “ನೀವು ಕೈಯಾರೆ ಉಣ್ಸುದ್ರಿ. ಅದ್ಕೇ ಗೆದ್ಬುಟ್ಟವ್ಳೆ.”

ಫೋನ್ ನನ್ನ ಕೈಗೆ ಕೊಟ್ಟು ಅವನು ಟಿವಿಯ ಕಡೆ ತಿರುಗಿದ. ಅಲ್ಲಿ ಪದಕದ ಕಟ್ಟೆಯನ್ನು ಸಿದ್ಧ ಮಾಡುತ್ತಿದ್ದರು. ಧರಣಿ ಕೂದಲು ಸರಿಮಾಡಿಕೊಳ್ಳುತ್ತ ಸಾಲಿನಲ್ಲಿ ನಿಂತಿದ್ದಳು. ಆ ಹೆಂಗಸು ಅವಳಿಂದ ಒಂದು ಮಾರು ದೂರದಲ್ಲಿ, ಅವಳ ಮೇಲಿಂದ ಕಣ್ಣು ತೆಗೆಯದೆ ನಿಂತಿದ್ದಳು. ಅಣ್ಣ ರಿಮೋಟ್ ತೆಗೆದುಕೊಂಡ. ಪರದೆ ಕಪ್ಪಾಯಿತು.

“ಯಾಕ್ ಸಾರ್ ಆಫ್ ಮಾಡ್ಬುಟ್ರಿ?” ಎಂದ ಚಾಮಯ್ಯ, ನನ್ನ ಮುಖ ನೋಡಿ, ಅಣ್ಣನ ಮುಖ ನೋಡಿ. “ಇನ್ನೂ ನನ್ ಮಗಳ್ಗೆ ಪದಕ ಆಕಿಲ್ಲ ಕಣ್ರೀ.”