ಇದ್ದಲಿನ ಗೆರೆ

ಟಪ್ ಎಂದು ಸಣ್ಣ ಸದ್ದಾಯಿತು. ಸರಿರಾತ್ರಿಯಲ್ಲಿ ತೂಕಡಿಸುತ್ತಿದ್ದ ಹೆಂಗಸರು ಬೆಚ್ಚಿ ಕಣ್ಣು ಬಿಟ್ಟರು. ಗೋಡೆಗೆ ಆನಿಸಿ ಕೂರಿಸಿದ್ದ ಶಿವಬಸವ್ವನ ಹೆಣದ ಕಟ್ಟು ಸಡಿಲಿ, ಬಲಗಾಲು ಮುಂದೆ ಚಾಚಿಕೊಂಡಿತ್ತು. ಸೊಸೆ ಮಂಜವ್ವ ಎದ್ದು ಕಾಲನ್ನು ಮಡಚಲು ನೋಡಿದಳು. ಹೆಬ್ಬೆರಳು ಒತ್ತಿದಲ್ಲಿ ಕುಳಿ ಬಿತ್ತು. ಆ ಕುಳಿ ಮತ್ತೆ ತುಂಬಿಕೊಳ್ಳಲಿಲ್ಲ.

"ಜೀವ ಇದ್ದಾಗ ಯಾರಿಗೂ ಬಗ್ಗಲಿಲ್ಲ, ಈಗೇನು ಬಗ್ಗತಾಳ," ಎಂದಳು ನೆರೆಮನೆಯ ಮಹಾದೇವಕ್ಕ. ಯಾರೋ ಸೆರಗಿನೊಳಗೆ ನಕ್ಕರು.

ಬೆಳಗ್ಗೆ ಅಯ್ನೋರು ಬಂದು ನೋಡಿ ತಲೆಯಲ್ಲಾಡಿಸಿದರು. "ಕಾಲು ಮಡಚದಿದ್ರ ಹುಗಿಯೂ ಕುಣಿಯೊಳಗಿನ ಗೂಡಿನ್ಯಾಗ ಹಿಡಿಯೂದಿಲ್ಲ. ಎಣ್ಣಿ ಹಚ್ಚಿ ತಿಕ್ರಿ."

ಶಿಗ್ಗಾಂವದಿಂದ ಬಂದಿದ್ದ ಅಜ್ಜಪ್ಪ ತೋಳೇರಿಸಿ ಕೂತ. ಸತ್ತವಳ ತಮ್ಮ, ತನ್ನ ಮಕ್ಕಳೇ ಹೊರಹಾಕಿದ ಮೇಲೆ ಅಲ್ಲಿಯ ಗುಡಿಯ ಕಟ್ಟೆಯಲ್ಲಿ ಮಲಗುತ್ತಿದ್ದ ಮುದುಕ.

"ಮಂಜಿ, ಅಕ್ಕನ ದತ್ತೂರಿ ಎಣ್ಣಿ ತಾ."

"ಖಾಲಿ ಆಗೇತ್ರಿ ಮಾವ."

"ಖಾಲಿ? ಬ್ಯಾಸಿಗ್ಯಾಗ ಬೀಜಾ ಗಾಣಕ್ಕ ಹಾಕ್ಸಿ ಕಂದು ಬಾಟ್ಲಿ ತುಂಬ ನಾನ ತಂದು ಕೊಟ್ಟೇನಿ."

"ತುರಿ ಆದವರಿಗೆಲ್ಲ ಹಚ್ಚಿದ್ರು."

"ಯಾರಿಗೆ?" ಮಹಾದೇವಕ್ಕ ಬಾಗಿಲಿನಿಂದಲೇ ಕೇಳಿದಳು. "ಈ ಸಲ ನನ್ನ ಮೊಮ್ಮಗ ಮೈ ಕೆರಕೊಂಡು ರಕ್ತಾ ಸುರಿಸಿದ್ರೂ ಒಂದ ಹನಿ ಕೊಡಲಿಲ್ಲ."

ಅಜ್ಜಪ್ಪ ಬಾತ ಕಾಲನ್ನು ನೋಡಿದ. ಆಮೇಲೆ ಗೋಡೆಯ ಮಾಡದಲ್ಲಿದ್ದ, ಇದ್ದಲಿನ ಗೆರೆ ಎಳೆದ ಇನ್ನೊಂದು ಬಾಟ್ಲಿಯನ್ನು.

"ಅದು ಕುಸುಬಿ ಎಣ್ಣಿ," ಎಂದ ಮಂಜವ್ವನ ಗಂಡ ಶಂಕ್ರಪ್ಪ. "ಅವ್ವ ಒಬ್ಬಾಕಿನ ಉಣ್ಣಾಕಿ. ನಮಗ ಬರೇ ಖಾರಾ."

ಅಜ್ಜಪ್ಪ ಬಿರಡೆ ತೆಗೆದು ಮೂಸಿ, ಮಂಜವ್ವನ ಕಡೆ ನೋಡಿದ. ಅಂಗೈಗೆ ಒಂದಿಷ್ಟು ಸುರುವಿಕೊಂಡು ಅಕ್ಕನ ಮೊಣಕಾಲು ತಿಕ್ಕತೊಡಗಿದ. ಮಂಜವ್ವ ಅವನ ಕೈಯಿಂದ ಕಣ್ಣು ಕೀಳಲಿಲ್ಲ.

*

ದತ್ತೂರಿ ಬೆಳೆಯುತ್ತಿದ್ದುದು ಹಿರೇಕೆರೂರು ದಾರಿಯ ಬದುವಿನಲ್ಲಿ. ಹಳದಿ ಹೂವು, ಎಲೆಗೂ ಮುಳ್ಳು, ಕಾಯಿಗೂ ಮುಳ್ಳು. ಕಾಯಿ ಕೀಳಲು ಶಿವಬಸವ್ವ ಸೊಸೆಯನ್ನು ಬರಿಗೈಯಲ್ಲೇ ಅಟ್ಟುತ್ತಿದ್ದಳು. "ಮೈಗೆ ಹಚ್ಚಿದ್ರ ಮದ್ದು, ಹೊಟ್ಟಿಗೆ ಹೋದ್ರ ಕಾಲು ಬಾತು ಕುಣಿ," ಎಂದು ಎಣ್ಣೆ ಒಯ್ಯಲು ಬಂದವರಿಗೆಲ್ಲ ಹೇಳುತ್ತಿದ್ದಳು.

ಪರದೇಶದಲ್ಲಿ ಲಡಾಯಿ ಶುರುವಾದ ಮೇಲೆ ಪೇಟೆಯಲ್ಲಿ ಉಣ್ಣುವ ಎಣ್ಣೆ ಸಿಗುವುದು ಕಷ್ಟವಾಯಿತು. ತನ್ನ ಊಟವಾದೊಡನೆ ಮುದುಕಿ ಎಣ್ಣೆಯ ಮಟ್ಟಕ್ಕೆ ಇದ್ದಲಿನಿಂದ ಗೆರೆ ಎಳೆದಿಡುತ್ತಿದ್ದಳು. ಒಮ್ಮೆ ಎಣ್ಣೆ ಗೆರೆಗಿಂತ ಕೆಳಗಿಳಿದಿತ್ತು. ಅವತ್ತು ಆರು ವರ್ಷದ ಮೊಮ್ಮಗಳು ಸರೋಜಿಯ ಅಂಗೈ ಮೇಲೆ ಕಾದ ಸೌಟು ಇಟ್ಟಳು.

ಆಮೇಲೂ ಮಗು ಒಣರೊಟ್ಟಿ ನುಂಗಲಾರದೆ ಅಳುತ್ತಿತ್ತು. ಮಂಜವ್ವ ಅತ್ತೆಯ ಬಾಟ್ಲಿಯಿಂದ ಕದ್ದು ರೊಟ್ಟಿಗೆ ಒಂದು ಚಮಚ ಬಿಟ್ಟಳು. ಕಂದು ಬಾಟ್ಲಿಯಿಂದ ಅಷ್ಟೇ ದತ್ತೂರಿ ಎಣ್ಣೆ ಸುರಿದು ಗೆರೆಗೆ ಸರಿ ಮಾಡಿದಳು. ಒಂದು ಚಮಚದಿಂದ ಏನಾದೀತು ಎಂದುಕೊಂಡಿದ್ದಳು. ಬೆರಕೆಯದು ಬೇಡವೆಂದು ಮಗಳಿಗೆ ಬೇರೆ ಮನೆಯ ಎಣ್ಣೆ ಬೇಡಿ ತರತೊಡಗಿದ್ದು ಮರುದಿನದಿಂದಲೇ. ಅತ್ತೆಯ ಬಾಟ್ಲಿಯಿಂದ ಆ ಮನೆಗಳ ದೀಪಕ್ಕೆ ಎಣ್ಣೆ ಕೊಟ್ಟು ಸಾಲ ತೀರಿಸುವಳು, ಮತ್ತೆ ಗೆರೆಯವರೆಗೆ ದತ್ತೂರಿ ತುಂಬುವಳು.

ಶ್ರಾವಣದಲ್ಲಿ ಅತ್ತೆಯ ಪಾದ ಬಾತವು. ಮಂಜವ್ವನಿಗೆ ಕಾರಣ ಅವತ್ತೇ ತಿಳಿಯಿತು. ಮಾರನೆಯ ದಿನವೂ ತುಂಬಿದಳು.

*

ಕುಣಿಯಲ್ಲಿ ಇಬ್ಬರು ಗಂಡಸರು ಮೊಣಕಾಲಿನ ಮೇಲೆ ಭಾರ ಹಾಕಿದರು. ಲಟಕ್ ಎಂದಿತು. ಮುದುಕಿ ಗೂಡಿನಲ್ಲಿ ಕೂತಳು.

ಸಂಜೆ ಮಹಾದೇವಕ್ಕ ರೊಟ್ಟಿ-ಪಲ್ಯ ಕಳಿಸಿದಳು. ಶಂಕ್ರಪ್ಪ ಹಿತ್ತಲಿಗೆ ಹೋದಾಗ ಅಜ್ಜಪ್ಪ ಗೆರೆಯ ಬಾಟ್ಲಿಯನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಚೀಲದ ತಳಕ್ಕೆ ಇಳಿಸಿದ.

"ಶಿಗ್ಗಾಂವಕ್ಕ ಹೊಳ್ಳಿ ಹೋಗೂದಿಲ್ಲ, ಮಂಜಿ. ಅಕ್ಕನ ಹಾಸಿಗಿ ನನಗ ಹಾಸು."

"ಮಾವ..."

"ಯಾರಿಗೂ ಹೇಳೂದಿಲ್ಲ ಅಂತ ಗಟ್ಟಿ ಮಾಡೇನಿ. ಅಳಬ್ಯಾಡ. ಒಂದ ಮಾತು ನಡಸಿಕೊಡು, ಸಾಕು."

ಅವಳು ತಾಟು ಮುಂದಿಟ್ಟಳು. ಅಜ್ಜಪ್ಪ ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ, ಮಂಜವ್ವನ ಮುಖ ನೋಡುತ್ತ ಮಗುವನ್ನು ಕರೆದ.

"ಬಾ ಸರೋಜಿ. ಇವತ್ತಿನಿಂದ ನನ್ನ ತಾಟಿನ್ಯಾಗಿನ ಮೊದಲ ತುತ್ತು ದಿನಾ ನಿಂದು."

ಅಷ್ಟು ದಿನ ಯಾರೂ ಹಾಗೆ ಕರೆದಿರಲಿಲ್ಲ. ಸುಟ್ಟ ಕಲೆಯ ಅಂಗೈಯನ್ನು ಅವನ ಮೊಣಕಾಲ ಮೇಲಿಟ್ಟು, ಸರೋಜಿ ಖುಷಿಯಿಂದ ಬಾಯಿ ತೆರೆದಳು.