ಮಾದರಿ ಮಹಿಳೆ

"ನಸುಕಿಗೇ ಎದ್ದು, ಗಂಡನಿಗೆ, ಮಗಳಿಗೆ ಕೈಯಾರೆ ನೀರುದೋಸೆ ಹುಯ್ದಿಟ್ಟು, ಆಮೇಲೆ ಆಪರೇಷನ್ ಥಿಯೇಟರಿಗೆ ಹೊರಡುವ ಈ ಮಹಾತಾಯಿ..." ಎಂದು ನಿರೂಪಕಿ ಮಾಧುರಿ ಮೈಕಿನಲ್ಲಿ ಓದುತ್ತಿದ್ದಳು. ವೇದಿಕೆಯ ಕೆಂಪು ಕುರ್ಚಿಯಲ್ಲಿ ಕೂತಿದ್ದ ಡಾಕ್ಟರ್ ನಿಶಾಗೆ, ಈ ಮಹಾತಾಯಿ ಯಾರಿರಬಹುದು ಎಂದು ಒಂದು ಕ್ಷಣ ನಿಜಕ್ಕೂ ಹೊಳೆಯಲಿಲ್ಲ.

ಗೋರೆಗಾಂವ್‌ನ ಅವಳ ಮನೆಯಲ್ಲಿ ಅಡುಗೆ ಹಾಲವ್ವನದು. ಹಾಲವ್ವ ಕಲಬುರಗಿ ಕಡೆಯವಳು; ರೊಟ್ಟಿ ತಟ್ಟಲು ಕೂತರೆ ಅವಳ ಸಮ ಯಾರೂ ಇಲ್ಲ, ನೀರುದೋಸೆ ಮಾತ್ರ ಕಾವಲಿಯಿಂದ ಏಳುವುದೇ ಇಲ್ಲ. ಹಾಗಾಗಿ ಆ ಮನೆಯಲ್ಲಿ ನೀರುದೋಸೆಯ ಮಾತು ನಿಂತು ವರ್ಷಗಳಾಗಿದ್ದವು. ಇದನ್ನು ಬರೆದುಕೊಟ್ಟವನು ಯಾರೆಂದು ನಿಶಾ ಊಹಿಸಬೇಕಾಗಿರಲಿಲ್ಲ. ಮುಂದಿನ ಸಾಲಿನಲ್ಲಿ ಗಂಡ ಧನರಾಜ್ ಫೋನನ್ನು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದ. ಮಾಧುರಿ ಓದಿದ ಹಾಗೆಲ್ಲ ಅವನ ತುಟಿಯೂ ಅಲ್ಲಾಡುತ್ತಿತ್ತು.

ಮುಲುಂಡಿನ ಆ ಸಭಾಗೃಹದ ತುಂಬ ರೇಷ್ಮೆ ಸೀರೆ, ಮಲ್ಲಿಗೆ. ಕನ್ನಡ ಸಂಘದ ಮಹಿಳಾ ವಿಭಾಗ ಪ್ರತಿವರ್ಷ ಮನೆ, ಉದ್ಯೋಗ ಎರಡನ್ನೂ ತೂಗಿಸಿಕೊಂಡು ಹೋಗುವ ಒಬ್ಬ ಹೆಂಗಸನ್ನು ಹುಡುಕಿ ತಂದು ಶಾಲು ಹೊದಿಸುತ್ತದೆ. ಈ ಸಲ ಸಿಕ್ಕಿದವಳು ನಿಶಾ. ಆಪರೇಷನ್‌ಗೆ ಮೊದಲು ಅರಿವಳಿಕೆ ಕೊಡುವ ಡಾಕ್ಟರು. ಇಂಥದೇ ಆಸ್ಪತ್ರೆ ಎಂದಿಲ್ಲ. ಯಾವ ನರ್ಸಿಂಗ್ ಹೋಮಿನಿಂದ ಕರೆ ಬಂದರೂ ಓಡಬೇಕು, ಕೊಯ್ಯುವ ಡಾಕ್ಟರ ಗಾಲ್ಫು, ನಾದಿನಿಯ ಮದುವೆ, ವಿಮಾನ ಇವುಗಳ ನಡುವೆ ಎಲ್ಲಿ ಬಿಡುವಿದೆಯೋ ಅಲ್ಲಿ ಹಾಜರಿರಬೇಕು.

ಅಧ್ಯಕ್ಷ ರಮಾನಾಥರು ಮಾತಿಗೆ ನಿಂತರು. ದಹಿಸರ್‌ನಲ್ಲಿ ಎರಡು ಹೋಟೆಲುಗಳ ಯಜಮಾನರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಾತಾಡುವುದು ಅವರ ರೂಢಿ.

"ಈಗಿನ ಹೆಂಗಸರಿಗೆ ಕೆಲಸವೂ ಬೇಕು, ಮನೆಯೂ ಬೇಕು. ಬೇಡ ಅಂತ ನಾವು ಹೇಳುವುದಿಲ್ಲ. ಆದ್ರೆ ಎರಡನ್ನೂ ಹೇಗೆ ನಡೆಸ್ಬೇಕು ಅಂತ ಡಾಕ್ಟ್ರನ್ನು ನೋಡಿ ಕಲೀಬೇಕು. ಜ್ವರ ಬಂದ್ರೂ ಇವರು ಒಂದು ರಜೆ ಹಾಕಿದವರಲ್ಲ ಅಂತ ಧನರಾಜ್ ಹೇಳ್ತಿದ್ರು."

ಬೇಡ ಅಂತ ನಾವು ಹೇಳುವುದಿಲ್ಲವಂತೆ. ನಿಶಾ ಅವರ ಸೊಂಟದ ಸುತ್ತಳತೆ ನೋಡಿದಳು. ಈ ಮನುಷ್ಯನನ್ನು ಮೇಜಿನ ಮೇಲೆ ಮಲಗಿಸಿದರೆ ಉಸಿರಿನ ನಳಿಕೆ ಇಳಿಸುವುದು ಕಷ್ಟ, ಕುತ್ತಿಗೆಯೇ ಇಲ್ಲ ಎಂದುಕೊಂಡಳು. ಹಾಗೆ ಯೋಚಿಸಿದ್ದಕ್ಕೆ ಸ್ವಲ್ಪ ಸಮಾಧಾನವಾಯಿತು.

ಶಾಲು ಬಂತು, ಹಣ್ಣಿನ ಬುಟ್ಟಿ ಬಂತು. ಬುಟ್ಟಿಯ ಬಣ್ಣದ ಕಾಗದ ಪರಪರ ಎನ್ನುತ್ತಿದ್ದಾಗಲೇ ಮಾಧುರಿ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದಳು. "ಮೇಡಂ, ಇಷ್ಟೆಲ್ಲಾ ಕೆಲಸದ ನಡುವೆ ನಿಮ್ಮ ಆರೋಗ್ಯವನ್ನು ಹೇಗೆ ನೋಡ್ಕೊಳ್ತೀರಿ? ನಮ್ಮ ತಾಯಂದಿರಿಗೆ ಒಂದು ಟಿಪ್ ಕೊಡಿ."

ಧನ್ಯವಾದ ಹೇಳಿ ಇಳಿದುಬಿಡಬೇಕೆಂದೇ ನಿಶಾ ಎದ್ದದ್ದು. ಆದರೆ ಮುಂದಿನ ಸಾಲಿನಿಂದ ಧನರಾಜ್ ಹೆಬ್ಬೆರಳು ಎತ್ತಿ ತೋರಿಸಿದ.

"ನನಗೆ ನೀರುದೋಸೆ ಮಾಡ್ಲಿಕ್ಕೆ ಬರುವುದಿಲ್ಲ," ಎಂದಳು.

ಸಭೆ ನಕ್ಕಿತು. ಡಾಕ್ಟರು ತಮಾಷೆಯವರು ಎಂದು ಯಾರೋ ಅಂದರು.

"ಹೋದ ವಾರ ಇದೇ ಮುಲುಂಡಿನಲ್ಲಿ, ಒಂದು ನರ್ಸಿಂಗ್ ಹೋಮಿನ ಬಟ್ಟೆ ಬದಲಿಸುವ ರೂಮಿನಲ್ಲಿ ತಲೆ ತಿರುಗಿ ಬಿದ್ದೆ. ಹಿಂದಿನ ದಿನದಿಂದ ಸರಿಯಾದ ಊಟ ಇಲ್ಲ, ನಿದ್ದೆ ಇಲ್ಲ. ಎಚ್ಚರ ಆದಾಗ ಸಿಸ್ಟರ್ ಕೆನ್ನೆ ತಟ್ತಾ ಇದ್ಲು. ಒಂದು ಬಾಟ್ಲಿ ಸಲೈನ್ ಹಾಕಿಸ್ಕೊಂಡೆ, ಎದ್ದೆ, ಉಳಿದ ಕೇಸುಗಳನ್ನು ಮುಗಿಸಿದೆ. ನೆಟ್ಟಗೆ ನಿಲ್ಲಲಿಕ್ಕೆ ಆಗದವಳ ಕೈಯಲ್ಲಿ ಬೇರೆಯವರ ಉಸಿರು ಇತ್ತು. ಇದಕ್ಕೆ ನೀವು ಶಾಲು ಹಾಕ್ತಾ ಇದ್ದೀರಿ."

ಈಗಲಾದರೂ ಇವರಿಗೆ ನಾಚಿಕೆಯಾದೀತೆಂದು ನಿಶಾ ಕಾದಳು.

ರಮಾನಾಥರು ಚಪ್ಪಾಳೆ ಶುರು ಮಾಡಿದರು. ಹಿಂದಿನ ಸಾಲುಗಳು ಎದ್ದು ನಿಂತವು. ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕರ್ತವ್ಯನಿಷ್ಠೆ ಅಂದ್ರೆ ಇದು," ಎಂದು ಮಾಧುರಿ ಮೈಕಿನಲ್ಲಿ ಸಾರಿದಳು. ಧನರಾಜ್ ಫೋನನ್ನು ಸಭೆಯ ಕಡೆ ತಿರುಗಿಸಿ, ಮತ್ತೆ ಹೆಂಡತಿಯ ಕಡೆ ತಂದ.

ಇಡೀ ಸಭೆಯಲ್ಲಿ ಚಪ್ಪಾಳೆ ತಟ್ಟದೆ ಕೂತಿದ್ದವಳು ಒಬ್ಬಳೇ, ನಿಶಾಳ ಮಗಳು ಯಕ್ಷಿತಾ. ಕಾಲೇಜಿಗೆ ಹೋಗುವ ಹುಡುಗಿ. ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು.

ಮೆಟ್ಟಿಲು ಇಳಿಯುವಾಗ ನಿಶಾಗೆ ಎಲ್ಲರಿಗಿಂತ ತನ್ನ ಮೇಲೆಯೇ ಹೆಚ್ಚು ಹೇಸಿಗೆಯಾಯಿತು. ಬೆಳಿಗ್ಗೆ ಈ ಸೀರೆಗೆ ಇಸ್ತ್ರಿ ಹಾಕಿಸಿದವಳು ಅವಳೇ. ಕನ್ನಡಿಯ ಮುಂದೆ ಮಲ್ಲಿಗೆ ಮುಡಿದು, ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡವಳೂ ಅವಳೇ.

ಊಟದ ಹಾಲ್‌ನಲ್ಲಿ ಯಕ್ಷಿತಾ ಪಕ್ಕದಲ್ಲಿ ಬಂದು ಕೂತಳು. "ಮಮ್ಮಿ, ನೀನು ಬಿದ್ದದ್ದು ಸಚ್ ಮೇ? ನಿಜವಾ?"

"ಹೌದು."

"ಕಿಸೀಕೋ ಬತಾಯಾ ನಹೀ? ಯಾರಿಗೂ ಹೇಳ್ಲಿಲ್ಲ?"

"ಪಪ್ಪನಿಗೆ ಅವತ್ತೇ ಹೇಳಿದ್ದೆ. ವಿಟಮಿನ್ ಮಾತ್ರೆ ತಗೋ ಅಂದ್ರು."

ಅಷ್ಟರಲ್ಲಿ ಧನರಾಜ್ ಬಂದ. ಅವನ ಮುಖದಲ್ಲಿ ಸನ್ಮಾನ ತನಗೇ ಆದಂಥ ಕಳೆ.

"ಸ್ಪೀಚ್ ಒಳ್ಳೆದಾಯ್ತು. ರಮಾನಾಥಣ್ಣ ಕಣ್ಣಲ್ಲಿ ನೀರು ಹಾಕಿದ್ರು. ಮತ್ತೆ, ಡಾಕ್ಟರ್ ಅನಿಲಕುಮಾರ್ ಫೋನ್ ಮಾಡಿದ್ರು. ನಿನ್ನದು ಎತ್ತಲಿಲ್ಲ ಅಂತ ನನಗೆ ಮಾಡಿದ್ರು. ಸಂಜೆ ಒಂದು ಹರ್ನಿಯಾ ಆಪರೇಷನ್ ಉಂಟಂತೆ. ನಾಳೆ ಅವರಿಗೆ ಗೋವಾಕ್ಕೆ ಹೋಗ್ಲಿಕ್ಕುಂಟು, ಹಾಗಾಗಿ ಇವತ್ತೇ. ಬರ್ತಾಳೆ ಅಂತ ಹೇಳಿದೆ."

"ಎಮರ್ಜೆನ್ಸಿಯಾ?"

"ಅಲ್ಲ. ಆದ್ರೆ ಒಳ್ಳೆಯ ಮನುಷ್ಯ, ಪಾಪ."

"ಹಾಗಾದ್ರೆ ನೀವೇ ಹೋಗಿ ಪೇಷಂಟನ್ನು ಮಲಗಿಸಿ ಬನ್ನಿ."

ಧನರಾಜ್ ಸುತ್ತ ನೋಡಿ ದನಿ ತಗ್ಗಿಸಿದ. "ನಿಶಾ, ಎಲ್ಲ ಇದ್ದಾರೆ. ಈಗಷ್ಟೇ ಇಷ್ಟು ದೊಡ್ಡ ಮರ್ಯಾದೆ ಸಿಕ್ಕಿದೆ."

ಅವಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸಂಘದ ಬ್ಯಾಡ್ಜು. ಇಪ್ಪತ್ತು ವರ್ಷ ಈ ಮುಖಕ್ಕೆ ಎದುರಾಡಲು ಹಿಂಜರಿದೆನಲ್ಲ ಎನಿಸಿತು. ಪರ್ಸಿನಿಂದ ಫೋನ್ ತೆಗೆದು ತಾನೇ ಅನಿಲಕುಮಾರರಿಗೆ ಕರೆ ಮಾಡಿದಳು. "ಇವತ್ತು ಬರುವುದಿಲ್ಲ ಡಾಕ್ಟರೇ... ಇಲ್ಲ, ಕಾರಣ ಏನಿಲ್ಲ. ಬರುವುದಿಲ್ಲ ಅಷ್ಟೆ. ಬೇರೆ ಯಾರನ್ನಾದ್ರೂ ಕರೀರಿ, ಇಲ್ಲ ಗೋವಾದಿಂದ ಬಂದ ಮೇಲೆ ಮಾಡಿ." ಫೋನನ್ನು ಬಂದ್ ಮಾಡಿ ಮಗಳ ಕೈಗೆ ಕೊಟ್ಟಳು.

"ನಿನಗೆ ತಲೆ ಸರಿ ಇಲ್ಲ," ಎಂದ ಧನರಾಜ್. ಯಾರೋ ಕರೆದರೆಂದು ನಗುತ್ತ ಆ ಕಡೆ ಹೋದ.

ಬಡಿಸುವವನು ಅನ್ನದ ಪಾತ್ರೆ ಹಿಡಿದು ಬಂದ. ನಿಶಾ ಎರಡು ಸಲ ಹಾಕಿಸಿಕೊಂಡಳು, ಸಾರು ಬೇರೆ, ಮಜ್ಜಿಗೆ ಬೇರೆ. ಬಿಸಿ ಆರುವವರೆಗೆ ಕಾದು ತಿಂದಳು. ಊಟದ ಹಾಲ್ ಖಾಲಿಯಾಗುತ್ತ ಬಂತು. ಕೈ ತೊಳೆದು ಬಂದವಳು ಮತ್ತೆ ಅಲ್ಲೇ ಕೂತು, ಚಪ್ಪಲಿ ಕಳಚಿ, ಎದುರಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎರಡೂ ಕಾಲು ಚಾಚಿ ಕಣ್ಣು ಮುಚ್ಚಿದಳು.

ಸ್ವಯಂಸೇವಕರು ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುತ್ತ ಆ ಸಾಲಿಗೂ ಬಂದರು. ಒಬ್ಬ ನಿಶಾಳ ಕಾಲಿನ ಕೆಳಗಿನ ಕುರ್ಚಿಯ ಕಡೆ ಕೈ ಚಾಚಿದ. ಯಕ್ಷಿತಾ ಆ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು.