ತೊಳೆದ ನೀರು

ಸೇಬಿನ ಮರಗಳ ಬೇರು ಸೊರಗಿದ್ದವು. ಹಾಗಾಗಿ ಅಕ್ಕ ಡ್ರಮ್ಮಿನಲ್ಲಿ ಕಲಸಿದ ಗೊಬ್ಬರದ ನೀರನ್ನು ಪಂಪಿನಿಂದ ಎಲೆಗಳ ಮೇಲೆಯೇ ಸಿಂಪಡಿಸಿ, ಕೂಸಿಗೆ ಚಮಚದಲ್ಲಿ ಹಾಲು ಕುಡಿಸಿದ ಹಾಗೆ ಉಣಿಸುತ್ತಿದ್ದಳು. ಜ್ವರ ಬಂತೆಂದು ಒಂದು ಬೆಳಿಗ್ಗೆ ಆ ಕೆಲಸ ತಮ್ಮನಿಗೆ ಒಪ್ಪಿಸಿದಳು. ಎದ್ದು ಓಡಾಡುವಂತಾಗಿ ತೋಟಕ್ಕೆ ಬಂದರೆ ಎಲೆಗಳೆಲ್ಲ ಸುಟ್ಟ ಕಾಗದದಂತೆ ಸುರುಟಿದ್ದವು. ತಮ್ಮನನ್ನು ಕೂಗಿ ಕರೆದಳು.

"ಆ ಪಂಪಲ್ಲಿ ಕಳೆ ಸಾಯಿಸೋ ಔಷಧಿ ಇತ್ತಲ್ಲೋ! ತೊಳೆದ್ಯಾ?"

"ಚೆನ್ನಾಗಿ ತೊಳೆದೆ ಕಣಕ್ಕ."

"ಮತ್ತೆ ಎಲೆ ತಾನಾಗೇ ಸುಟ್ಕೊಂಡ್ವಾ, ಮಹಾರಾಯ? ತೊಳೆದ ನೀರು ಎಲ್ಲಿ ಚೆಲ್ಲಿದೆ?"

ತಮ್ಮ ಕಣ್ಣು ಕಣ್ಣು ಬಿಟ್ಟ.

"ಚೆಲ್ಲೋದಾ? ಒಂದು ತೊಟ್ಟು ನೀರು ದಂಡ ಆದ್ರೂ ಮನೆ ಹಾರಿಹೋಗೋ ಹಾಗೆ ಬಯ್ತೀಯಲ್ಲ. ಗೊಬ್ಬರದ ಡ್ರಮ್ಮಿಗೇ ಸುರಿದೆ."